ಫಿಸಿಕ್ಸ್ ಜೊತೆ ಫಿಲಾಸಫಿ: ಇದೆಂಥಾ ಕೋರ್ಸು?

ಸೆಕೆಂಡ್ ಪಿಯು ರಿಸಲ್ಟ್ ಬಂದ ವಾರ ಅಕ್ಕ ತನ್ನ ಮಗಳ ವಿಷಯಕ್ಕೆ ಫೋನ್ ಮಾಡಿದ್ದಳು. "ನೋಡೋ, ಇವಳು ಫಿಸಿಕ್ಸ್ ಜೊತೆ ಫಿಲಾಸಫಿ ಓದ್ತಾಳಂತೆ. ಅಂಥದ್ದೊಂದು ಕೋರ್ಸೇ ಇದೆಯಂತೆ. ನೀನಾದ್ರೂ ಸ್ವಲ್ಪ ವಿಚಾರಿಸೋ." ಮನೆಯವರೆಲ್ಲ ಸಿಇಟಿ ರ‍್ಯಾಂಕ್ ಎಷ್ಟು ಬರಬಹುದು, ಯಾವ ಕಾಲೇಜು ಸಿಗಬಹುದು ಎಂಬ ಲೆಕ್ಕದಲ್ಲಿದ್ದರು. ಅದರ ನಡುವೆ ಇದು. ಅಕ್ಕನ ಗಾಬರಿ ನನಗೆ ಅರ್ಥವಾಯಿತು. ನಮ್ಮಲ್ಲಿ "ಫಿಲಾಸಫಿ ಹೊಡೀಬೇಡ" ಅಂದರೆ "ಸುಮ್ನೆ ಕೊರೀಬೇಡ" ಅಂತಲೇ ಅರ್ಥ ಅಲ್ವಾ. ಅದನ್ನು ಓದೋಕೆ ಫೀಸು ಬೇರೆ ಕಟ್ಟಬೇಕಾ ಅನ್ನುವುದು ಅವಳ ಪ್ರಶ್ನೆ.

ವಿಚಾರಿಸಿದೆ. ವಿಚಾರಿಸುತ್ತಾ ಹೋದಂತೆ ನನಗೇ ರುಚಿ ಹತ್ತಿತು. ಅಕ್ಕನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೆ ಕೇಳುವ ಮಗು ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಪದಗಳ ಗೊಂದಲ

ಫಿಸಿಕ್ಸ್ ಅಂದರೆ ಭೌತಶಾಸ್ತ್ರ. ಅದರ ಬಗ್ಗೆ ಯಾರಿಗೂ ಗೊಂದಲ ಇಲ್ಲ. ಗೊಂದಲ ಇರುವುದು ಫಿಲಾಸಫಿ ಬಗ್ಗೆ. ಕನ್ನಡದಲ್ಲಿ ಅದನ್ನು ತತ್ವಶಾಸ್ತ್ರ ಅನ್ನುತ್ತೇವೆ. ಹಾಗಂದ ಕೂಡಲೇ ನಮ್ಮ ತಲೆಗೆ ಬರುವುದು ಪ್ರವಚನ, ಅಧ್ಯಾತ್ಮ, ಜೀವನ ನೀರ ಮೇಲಣ ಗುಳ್ಳೆ ಎಂಬಂಥ ಮಾತು. ಯೂನಿವರ್ಸಿಟಿಯಲ್ಲಿ ಕಲಿಸುವ ಫಿಲಾಸಫಿ ಅದಲ್ಲ. ಯಾರಾದರೂ ಒಂದು ಮಾತು ಹೇಳಿದರೆ, ಆ ಮಾತಿನ ಅರ್ಥ ಏನು, ಅದಕ್ಕೆ ಆಧಾರ ಏನು, ಆ ಆಧಾರದಿಂದ ಈ ತೀರ್ಮಾನ ನಿಜಕ್ಕೂ ಬರುತ್ತದಾ ಎಂದು ಬಿಡಿಸಿ ಬಿಡಿಸಿ ನೋಡುವ ಕೆಲಸ ಅದು. ಒಳ್ಳೆ ವಕೀಲರು ಪಾಟೀಸವಾಲು ಮಾಡುವ ಹಾಗೆ.

ನಮ್ಮದೇ ಸಂಪ್ರದಾಯದಲ್ಲಿ ಹತ್ತಿರದ್ದು ಹುಡುಕಿದರೆ ಅದು ಪ್ರವಚನ ಅಲ್ಲ, ನ್ಯಾಯಶಾಸ್ತ್ರ. ಕೋರ್ಟಿನ ಕಾನೂನಲ್ಲ, ತರ್ಕ ಮಾಡುವ ಬಗೆಯನ್ನು ಕಲಿಸುವ ಹಳೆಯ ದರ್ಶನ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿ ಇದೆ. ಸರಿ, ಆದರೆ ಹೊಗೆಯಿಂದ ಬೆಂಕಿಗೆ ನೀನು ಹೇಗೆ ಹೋದೆ? ಆ ಸೇತುವೆ ಗಟ್ಟಿನಾ? ಮಂಜನ್ನು ನೋಡಿ ಹೊಗೆ ಅಂದುಕೊಂಡಿರಬಹುದಲ್ಲ? ಈ ಜಾತಿಯ ಪ್ರಶ್ನೆ. ಅದರ ನೆಂಟ ದರ್ಶನವಾದ ವೈಶೇಷಿಕದವರಂತೂ ಪರಮಾಣು ಅಂದರೆ ಏನು, ಅದಕ್ಕೆ ಭಾಗ ಇದೆಯಾ ಇಲ್ಲವಾ ಎಂದು ಶತಮಾನಗಟ್ಟಲೆ ಜಗಳ ಆಡಿದವರು.

ಫಿಸಿಕ್ಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಉದಾಹರಣೆಯಲ್ಲಿ ಗೊತ್ತಾಗುತ್ತದೆ. ತಾರಸಿಯಿಂದ ಚೆಂಡು ಬಿಟ್ಟರೆ ಎಷ್ಟು ಸೆಕೆಂಡಿಗೆ ನೆಲ ಮುಟ್ಟುತ್ತದೆ? ಇದು ಫಿಸಿಕ್ಸ್. ಗುರುತ್ವದ ನಿಯಮ ಹಾಕಿ ಲೆಕ್ಕ ಮಾಡಿದರೆ ಉತ್ತರ ಬಂತು. ಆದರೆ "ನಿಯಮ" ಅಂದೆಯಲ್ಲ, ಹಾಗಂದರೆ ಏನು? ಚೆಂಡು ಆ ನಿಯಮವನ್ನು ಪಾಲಿಸುತ್ತಿದೆಯಾ, ಅಥವಾ ಚೆಂಡುಗಳೆಲ್ಲ ಹೀಗೇ ಬೀಳುತ್ತಿರುವುದನ್ನು ನೋಡಿ ನಾವು ಬರೆದುಕೊಂಡ ಚೀಟಿಗೆ ನಿಯಮ ಅಂತ ಹೆಸರಿಟ್ಟಿದ್ದೇವಾ? ಇದು ಫಿಲಾಸಫಿ. ಎರಡನೆಯ ಪ್ರಶ್ನೆಗೆ ಎಷ್ಟು ಚೆಂಡು ಬೀಳಿಸಿದರೂ ಉತ್ತರ ಸಿಗುವುದಿಲ್ಲ. ಹಾಗಂತ ಅದು ಬಾಯಿಗೆ ಬಂದ ಉತ್ತರ ಹೇಳಬಹುದಾದ ಪ್ರಶ್ನೆಯೂ ಅಲ್ಲ.

ಮೊದಲು ಎರಡೂ ಒಂದೇ ಮನೆಯಲ್ಲಿದ್ದವು

1687ರಲ್ಲಿ ನ್ಯೂಟನ್ ತನ್ನ ಚಲನೆಯ ನಿಯಮಗಳನ್ನು ಪ್ರಕಟಿಸಿದ. ಆ ಪುಸ್ತಕದ ಹೆಸರು ಕನ್ನಡಕ್ಕೆ ತಂದರೆ "ನಿಸರ್ಗ ತತ್ವಶಾಸ್ತ್ರದ ಗಣಿತ ಸೂತ್ರಗಳು". ಹೆಸರಿನಲ್ಲಿ ಫಿಸಿಕ್ಸ್ ಇಲ್ಲ, ಫಿಲಾಸಫಿ ಇದೆ. ಇಂಗ್ಲಿಷಿನಲ್ಲಿ ಇವತ್ತು ವಿಜ್ಞಾನಿಗೆ ಬಳಸುವ "ಸೈಂಟಿಸ್ಟ್" ಎಂಬ ಪದ ಹುಟ್ಟಿದ್ದೇ 1830ರ ದಶಕದಲ್ಲಿ, ವಿಲಿಯಂ ಹ್ಯೂವೆಲ್ ಎಂಬಾತನಿಂದ. ಅದಕ್ಕೂ ಮುಂಚೆ ಅವರೆಲ್ಲ ನಿಸರ್ಗದ ತತ್ವಜ್ಞಾನಿಗಳು. ಉಷ್ಣತೆಯ ಅಳತೆಗೆ ಯಾರ ಹೆಸರಿದೆಯೋ ಆ ಲಾರ್ಡ್ ಕೆಲ್ವಿನ್ ಗ್ಲಾಸ್ಗೋದಲ್ಲಿ 1846ರಿಂದ ಐವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದ್ದು ನ್ಯಾಚುರಲ್ ಫಿಲಾಸಫಿಯ ಪ್ರೊಫೆಸರ್ ಆಗಿ. ಈಗಲೂ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿದವರ ಹೆಸರಿನ ಮುಂದೆ ಪಿಎಚ್.ಡಿ. ಅಂತ ಇರುತ್ತದಲ್ಲ, ಅದರ ಪೂರ್ಣ ರೂಪ "ಡಾಕ್ಟರ್ ಆಫ್ ಫಿಲಾಸಫಿ".

ಅಂದರೆ ಇವೆರಡನ್ನು ಈಗ ಯಾರೋ ತಂದು ಗಂಟು ಹಾಕಿದ್ದಲ್ಲ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮ, ಆಮೇಲೆ ಪಾಲಾದವು. ಕೆಲವು ಯೂನಿವರ್ಸಿಟಿಗಳು ಮತ್ತೆ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಿವೆ, ಅಷ್ಟೆ.

ಆಕ್ಸ್‌ಫರ್ಡ್‌ನಲ್ಲಿ ನಿಜಕ್ಕೂ ಏನು ಓದಿಸುತ್ತಾರೆ

ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್, ಬ್ರಿಸ್ಟಲ್, ಲಂಡನ್ನಿನ ಕಿಂಗ್ಸ್ ಕಾಲೇಜು ಇಂಥ ಕಡೆ ಈ ಜೋಡಿ ಡಿಗ್ರಿ ಇದೆ. ಹೆಸರಾಗಿರುವುದು ಆಕ್ಸ್‌ಫರ್ಡ್‌ನದ್ದು, ಅಕ್ಕನ ಮಗಳು ಹೇಳಿದ್ದೂ ಅದನ್ನೇ, ಹಾಗಾಗಿ ಅದನ್ನೇ ನೋಡೋಣ.

ನಾಲ್ಕು ವರ್ಷದ ಕೋರ್ಸು. ಬೇಕಿದ್ದರೆ ಮೂರನೇ ವರ್ಷಕ್ಕೆ ಬಿ.ಎ. ಪದವಿ ತಗೊಂಡು ಹೊರಗೆ ಬರಬಹುದು. ಸೇರಲು ಸ್ಕೂಲಿನಲ್ಲಿ ಗಣಿತ ಮತ್ತು ಫಿಸಿಕ್ಸ್ ಓದಿರಲೇಬೇಕು. ಫಿಲಾಸಫಿ ಓದಿರಬೇಕಿಲ್ಲ. ಇದನ್ನು ಗಮನಿಸಿ. ತುಂಬಾ ಜನ "ಫಿಸಿಕ್ಸ್ ಕಷ್ಟ, ಫಿಲಾಸಫಿ ಜೊತೆಗಿದ್ದರೆ ಸ್ವಲ್ಪ ಹಗುರ" ಅಂದುಕೊಳ್ಳುತ್ತಾರೆ. ಇಲ್ಲ. ಗಣಿತದಲ್ಲಿ ರಿಯಾಯಿತಿ ಇಲ್ಲ.

ಮೊದಲ ವರ್ಷ ಫಿಸಿಕ್ಸ್ ಕಡೆಯಿಂದ ಗಣಿತ, ಮೆಕ್ಯಾನಿಕ್ಸ್, ವಿಶೇಷ ಸಾಪೇಕ್ಷತೆ (ಐನ್‌ಸ್ಟೈನ್‌ನ ಸ್ಪೆಷಲ್ ರಿಲೇಟಿವಿಟಿ). ಫಿಲಾಸಫಿ ಕಡೆಯಿಂದ ತರ್ಕ, ಜ್ಞಾನದ ಬಗ್ಗೆ ಮೂಲ ಪ್ರಶ್ನೆಗಳು, ಜೊತೆಗೆ ಮುನ್ನೂರು ವರ್ಷ ಹಳೆಯ ಒಂದು ಪತ್ರವ್ಯವಹಾರ. ಅದಕ್ಕೆ ಆಮೇಲೆ ಬರುತ್ತೇನೆ. ಎರಡು ಮತ್ತು ಮೂರನೇ ವರ್ಷ ಕ್ವಾಂಟಮ್ ಮೆಕ್ಯಾನಿಕ್ಸ್ (ಎಲೆಕ್ಟ್ರಾನ್‌ನಂಥ ಅತಿ ಸಣ್ಣ ಕಣಗಳ ಶಾಸ್ತ್ರ), ಥರ್ಮೋಡೈನಮಿಕ್ಸ್ (ಶಾಖದ ಶಾಸ್ತ್ರ) ಒಂದು ಕಡೆ. ವಿಜ್ಞಾನದ ತತ್ವಶಾಸ್ತ್ರ, ಸಾಪೇಕ್ಷತೆಯ ತತ್ವಶಾಸ್ತ್ರ, ಕ್ವಾಂಟಮ್‌ನ ತತ್ವಶಾಸ್ತ್ರ ಇನ್ನೊಂದು ಕಡೆ. ನಾಲ್ಕನೇ ವರ್ಷ ನಿಮ್ಮಿಷ್ಟ. ಪೂರಾ ಫಿಸಿಕ್ಸ್ ಆದರೂ ಆಯಿತು, ಪೂರಾ ಫಿಲಾಸಫಿ ಆದರೂ ಆಯಿತು, ಎರಡೂ ಬೆರೆಸಿದರೂ ಆಯಿತು. ಕಡಿಮೆಯಾಗುವುದು ಲ್ಯಾಬು. ಬರೀ ಫಿಸಿಕ್ಸ್ ಓದುವವರಷ್ಟು ಪ್ರಯೋಗ ಇವರಿಗಿರುವುದಿಲ್ಲ.

ಪಾಠದ ರೀತಿ ನಮಗೆ ಹೊಸದು. ಲೆಕ್ಚರ್ ಇರುತ್ತದೆ, ಅದರ ಜೊತೆ ಟ್ಯುಟೋರಿಯಲ್ ಅಂತ. ನಮ್ಮ ಟ್ಯೂಷನ್ ಅಲ್ಲ. ಒಬ್ಬರೋ ಇಬ್ಬರೋ ಮೂವರೋ ವಿದ್ಯಾರ್ಥಿಗಳು, ಎದುರಿಗೆ ಒಬ್ಬ ಮೇಷ್ಟ್ರು, ಒಂದು ಗಂಟೆ. ಫಿಸಿಕ್ಸ್ ಟ್ಯುಟೋರಿಯಲ್‌ಗೆ ಹೋಗುವಾಗ ಬಿಡಿಸಿದ ಲೆಕ್ಕದ ಹಾಳೆ ಕೈಯಲ್ಲಿರುತ್ತದೆ. ಆರನೇ ಲೆಕ್ಕದಲ್ಲಿ ಮೈನಸ್ ಚಿಹ್ನೆ ಎಲ್ಲಿ ತಪ್ಪಿತು ಎಂದು ನೋಡುತ್ತಾರೆ. ಫಿಲಾಸಫಿ ಟ್ಯುಟೋರಿಯಲ್‌ಗೆ ಹೋಗುವಾಗ ನೀವೇ ಬರೆದ ಪ್ರಬಂಧ ಇರುತ್ತದೆ. "ಖಾಲಿ ಜಾಗ ಅನ್ನುವುದು ಒಂದು ವಸ್ತುವೇ?" ಎಂಬಂಥ ವಿಷಯ. ಎರಡನೇ ಪ್ಯಾರಾದಲ್ಲಿ "ಆದ್ದರಿಂದ" ಅಂತ ಬರೆದಿದ್ದೀರಲ್ಲ, ಯಾಕೆ "ಆದ್ದರಿಂದ"? ಅಲ್ಲಿಗೇ ಅರ್ಧ ಗಂಟೆ ಮುಗಿಯುತ್ತದೆ. ವರ್ಷಕ್ಕೆ ಎಂಟೆಂಟು ವಾರದ ಮೂರು ಟರ್ಮು ಮಾತ್ರ. ಎಂಟು ವಾರವೂ ಉಸಿರು ಬಿಡಲು ಪುರುಸೊತ್ತಿಲ್ಲದಷ್ಟು ಕೆಲಸ.

ನೋಟ್ಸ್ ಬರೆದುಕೊಂಡು, ಗೈಡ್ ಉರು ಹೊಡೆದು, ಐದು ಅಂಕದ ಪ್ರಶ್ನೆಗೆ ಐದು ಪಾಯಿಂಟು ಬರೆದು ಬಂದ ನಮ್ಮಂಥವರಿಗೆ ಈ "ಯಾಕೆ ಆದ್ದರಿಂದ" ದೊಡ್ಡ ಪೆಟ್ಟು.

ಬಕೆಟ್ಟಿನ ನೀರು ಮತ್ತು ಹತ್ತು ಪತ್ರ

ಈಗ ಆ ಪತ್ರಗಳು. ಈ ಕೋರ್ಸು ಯಾಕಿದೆ ಅನ್ನುವುದು ಇದರಲ್ಲೇ ಸಿಗುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೆಜೆಸ್ಟಿಕ್ ಹತ್ತಿರದ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದೀರಿ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು. ನಿಧಾನಕ್ಕೆ ಆ ಡಬ್ಬಿಗಳು ಹಿಂದೆ ಸರಿಯತೊಡಗುತ್ತವೆ. ಅಬ್ಬಾ, ಹೊರಟಿತು ಅಂದುಕೊಳ್ಳುತ್ತೀರಿ. ಆ ರೈಲು ಮುಗಿದ ಮೇಲೆ ನೋಡಿದರೆ ಅದೇ ಪ್ಲಾಟ್‌ಫಾರಂ, ಅದೇ ಚಹಾ ಅಂಗಡಿ. ಹೊರಟಿದ್ದು ಅದು, ನೀವಲ್ಲ. ಒಂದೇ ವೇಗದಲ್ಲಿ ನೇರ ಹೋಗುತ್ತಿದ್ದರೆ, ಒಳಗೆ ಕೂತವರಿಗೆ ತಾವು ಚಲಿಸುತ್ತಿದ್ದೇವಾ ಇಲ್ಲವಾ ಎಂದು ಹೇಳುವ ದಾರಿಯೇ ಇಲ್ಲ. ಹಾಗಾದರೆ "ನಿಜವಾದ ಚಲನೆ" ಅಂತ ಒಂದು ಇದೆಯಾ? ಅಥವಾ ಇದಕ್ಕೆ ಹೋಲಿಸಿದರೆ ಅದು, ಅದಕ್ಕೆ ಹೋಲಿಸಿದರೆ ಇದು, ಅಷ್ಟೆಯಾ?

ನ್ಯೂಟನ್ ಇದೆ ಅಂದ. ಜಾಗ ಅನ್ನುವುದು ಒಂದು ದೊಡ್ಡ ಅಲ್ಲಾಡದ ಪೆಟ್ಟಿಗೆಯ ಹಾಗೆ, ವಸ್ತುಗಳಿರಲಿ ಬಿಡಲಿ ಅದು ಇದ್ದೇ ಇರುತ್ತದೆ, ಅದಕ್ಕೆ ಹೋಲಿಸಿದ್ದೇ ನಿಜವಾದ ಚಲನೆ ಎಂದ. ಅದಕ್ಕೆ ಅವನು ಕೊಟ್ಟ ಸಾಕ್ಷಿ ಒಂದು ಬಕೆಟ್ಟು.

ಹಗ್ಗಕ್ಕೆ ಬಕೆಟ್ ಕಟ್ಟಿ ನೇತುಹಾಕಿ. ಬಾವಿಯ ಹಗ್ಗ ಹುರಿಗಟ್ಟುವ ಹಾಗೆ ಚೆನ್ನಾಗಿ ತಿರುಚಿ. ನೀರು ತುಂಬಿ ಬಿಟ್ಟುಬಿಡಿ. ಮೊದಲು ಬಕೆಟ್ ಗಿರ್ರನೆ ತಿರುಗುತ್ತದೆ, ನೀರು ಇನ್ನೂ ಸುಮ್ಮನಿದೆ, ಮೇಲ್ಮೈ ಸಪಾಟು. ಸ್ವಲ್ಪ ಹೊತ್ತಿಗೆ ನೀರೂ ಬಕೆಟ್ ಜೊತೆಗೆ ತಿರುಗತೊಡಗುತ್ತದೆ. ಈಗ ನಡುವೆ ಗುಳಿ ಬಿದ್ದು ಅಂಚಿನಲ್ಲಿ ನೀರು ಮೇಲೇರುತ್ತದೆ. ಆಮೇಲೆ ಬಕೆಟ್ಟನ್ನು ಗಪ್ಪನೆ ಹಿಡಿದು ನಿಲ್ಲಿಸಿ. ನೀರು ಇನ್ನೂ ತಿರುಗುತ್ತಿದೆ, ಗುಳಿ ಹಾಗೇ ಇದೆ.

ಈಗ ಯೋಚಿಸಿ. ಮೊದಲನೆಯದರಲ್ಲಿ ನೀರಿಗೂ ಬಕೆಟ್ಟಿಗೂ ನಡುವೆ ಸಾಪೇಕ್ಷ ಚಲನೆ ಇತ್ತು, ಗುಳಿ ಇರಲಿಲ್ಲ. ಎರಡನೆಯದರಲ್ಲಿ ಚಲನೆ ಇರಲಿಲ್ಲ, ಗುಳಿ ಇತ್ತು. ಮೂರನೆಯದರಲ್ಲಿ ಚಲನೆಯೂ ಇತ್ತು, ಗುಳಿಯೂ ಇತ್ತು. ಅಂದರೆ ಗುಳಿಗೂ ಬಕೆಟ್ಟಿಗೂ ಸಂಬಂಧ ಇಲ್ಲ. ಹಾಗಾದರೆ ನೀರು ಯಾವುದಕ್ಕೆ ಹೋಲಿಸಿದರೆ ತಿರುಗುತ್ತಿದೆ? ಜಾಗಕ್ಕೇ, ಅಂದ ನ್ಯೂಟನ್. (ಇದನ್ನು ಅಕ್ಕನ ಮಗಳಿಗೆ ಹೇಳಿದ ದಿನ ಅವಳು ಬಚ್ಚಲುಮನೆಯಲ್ಲಿ ಮಾಡಿ ನೋಡಿದಳು. ಹಗ್ಗ ಗಿಡ್ಡ ಆಯಿತು, ನೀರು ನಡುಮನೆ ತನಕ ಹರಿಯಿತು. ಅಕ್ಕ ಬೈದದ್ದು ನನಗೆ.)

ಜರ್ಮನಿಯ ತತ್ವಜ್ಞಾನಿ ಲೈಬ್‌ನಿಟ್ಸ್ ಇದನ್ನು ಒಪ್ಪಲಿಲ್ಲ. ಅವನು 1715ರ ಕೊನೆಗೆ ವೇಲ್ಸ್‌ನ ರಾಜಕುಮಾರಿ ಕ್ಯಾರೊಲಿನ್‌ಗೆ ಒಂದು ಪತ್ರ ಬರೆದ. ಅವಳಿಗೆ ಅವನು ಹಳೆಯ ಪರಿಚಯ. ಅವಳು ಅದನ್ನು ನ್ಯೂಟನ್ನನ ಆಪ್ತನಾಗಿದ್ದ ಸ್ಯಾಮ್ಯುಯೆಲ್ ಕ್ಲಾರ್ಕ್ ಎಂಬ ಪಾದ್ರಿಗೆ ತೋರಿಸಿದಳು. ಕ್ಲಾರ್ಕ್ ಉತ್ತರ ಬರೆದ. ಲೈಬ್‌ನಿಟ್ಸ್ ಮತ್ತೆ ಬರೆದ. ಹೀಗೆ ಐದು ಪತ್ರ, ಐದು ಉತ್ತರ. 1716ರ ನವೆಂಬರಿನಲ್ಲಿ ಲೈಬ್‌ನಿಟ್ಸ್ ಸತ್ತಾಗಲೇ ಇದು ನಿಂತದ್ದು.

ಲೈಬ್‌ನಿಟ್ಸ್‌ನ ವಾದ ಸರಳ. ಇಡೀ ವಿಶ್ವವನ್ನು, ಸೂರ್ಯ ಭೂಮಿ ನಕ್ಷತ್ರ ಎಲ್ಲವನ್ನೂ, ಒಳಗಿನ ಜೋಡಣೆ ಹಾಗೇ ಇಟ್ಟು ಪೂರ್ವ ಪಶ್ಚಿಮ ಅದಲು ಬದಲು ಮಾಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತಾ? ಇಲ್ಲ. ಯಾವುದೇ ವ್ಯತ್ಯಾಸ ಕಾಣದಿದ್ದರೆ ಅವು ಎರಡು ಬೇರೆ ಬೇರೆ ಸ್ಥಿತಿಗಳೇ ಅಲ್ಲ. ಅಂದರೆ ಜಾಗ ಅನ್ನುವುದು ಪೆಟ್ಟಿಗೆ ಅಲ್ಲ, ವಸ್ತುಗಳ ನಡುವಿನ ಸಂಬಂಧಕ್ಕೆ ನಾವಿಟ್ಟ ಹೆಸರು. "ವಂಶವೃಕ್ಷ" ಅನ್ನುವುದು ಅಪ್ಪ ಮಗ ಅಜ್ಜಿ ಮೊಮ್ಮಗಳು ಇವರ ಸಂಬಂಧದ ಹೆಸರೇ ಹೊರತು, ಜನರೆಲ್ಲ ಹೋದ ಮೇಲೂ ಖಾಲಿ ನಿಂತಿರುವ ಮರ ಅಲ್ಲವಲ್ಲ, ಹಾಗೆ.

ಒಳ್ಳೆ ವಾದ. ಆದರೆ ಬಕೆಟ್ಟಿನ ಗುಳಿಗೆ ಏನು ಹೇಳುತ್ತೀಯಾ ಅಂದರೆ ಲೈಬ್‌ನಿಟ್ಸ್ ಬಳಿ ಗಟ್ಟಿ ಉತ್ತರ ಇರಲಿಲ್ಲ. ಸುಮಾರು 170 ವರ್ಷದ ಮೇಲೆ, 1883ರಲ್ಲಿ, ಎರ್ನ್ಸ್ಟ್ ಮಾಖ್ ಎಂಬ ಭೌತವಿಜ್ಞಾನಿ ಒಂದು ದಾರಿ ತೋರಿಸಿದ. ನೀರು ತಿರುಗುತ್ತಿರುವುದು ಜಾಗಕ್ಕೆ ಹೋಲಿಸಿ ಅಲ್ಲ, ದೂರದ ನಕ್ಷತ್ರಗಳ ರಾಶಿಗೆ ಹೋಲಿಸಿ; ಬಕೆಟ್ಟಿನ ಗೋಡೆ ಮೈಲುಗಟ್ಟಲೆ ದಪ್ಪ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಿನಗೇನು ಗೊತ್ತು ಎಂದು ಕೇಳಿದ. ಈ ಮಾಖ್‌ನನ್ನು ಬರ್ನ್ ಊರಿನಲ್ಲಿ ಪೇಟೆಂಟ್ ಆಫೀಸಿನ ಕೆಲಸ ಮಾಡುತ್ತಾ ಗೆಳೆಯರ ಜೊತೆ ಕೂತು ಓದಿದವನು ಐನ್‌ಸ್ಟೈನ್. 1915ರ ಸಾಮಾನ್ಯ ಸಾಪೇಕ್ಷತೆಯ ಹಿಂದೆ ಈ ಓದಿನ ಒತ್ತಾಸೆ ಇತ್ತು.

ಹಾಗಾದರೆ ಐನ್‌ಸ್ಟೈನ್ ಬಂದು ಜಗಳ ಬಗೆಹರಿಸಿದನಾ? ಇಲ್ಲ, ಮಜಾ ಇರುವುದೇ ಇಲ್ಲಿ. ಅವನ ಸಿದ್ಧಾಂತದಲ್ಲಿ ಜಾಗ-ಕಾಲ ಅಲ್ಲಾಡದ ಪೆಟ್ಟಿಗೆ ಅಲ್ಲ, ವಸ್ತುಗಳಿದ್ದ ಕಡೆ ಬಾಗುತ್ತದೆ. ನ್ಯೂಟನ್ ಸೋತ ಹಾಗೆ ಕಾಣುತ್ತದೆ. ಆದರೆ ಅದೇ ಸಮೀಕರಣಗಳ ಪ್ರಕಾರ ಬೇರೇನೂ ಇಲ್ಲದ ಖಾಲಿ ವಿಶ್ವದಲ್ಲೂ ತಿರುಗುವುದಕ್ಕೂ ತಿರುಗದಿರುವುದಕ್ಕೂ ವ್ಯತ್ಯಾಸ ಇರಲು ಸಾಧ್ಯ. ಅಂದರೆ ಮಾಖ್‌ ಕೂಡ ಗೆದ್ದ ಹಾಗಾಗಲಿಲ್ಲ. ಲೆಕ್ಕದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ, ಉಪಗ್ರಹ ಹಾರಿಸುವವರಿಗೆ ಏನೂ ತೊಂದರೆ ಇಲ್ಲ. ಆ ಲೆಕ್ಕ ಜಗತ್ತಿನ ಬಗ್ಗೆ ಏನು ಹೇಳುತ್ತಿದೆ ಅನ್ನುವುದರಲ್ಲಿ ಜಗಳ ಇನ್ನೂ ಇದೆ. ಇಂಥ ಜಾಗಗಳಲ್ಲೇ ಈ ಕೋರ್ಸು ಟೆಂಟು ಹಾಕುವುದು.

ಅವಳಿ ಮಕ್ಕಳ ಪರೀಕ್ಷೆ

ಎರಡನೆಯ ಉದಾಹರಣೆ ಕ್ವಾಂಟಮ್‌ನದ್ದು. ಟಾಸ್ ಹಾಕಿದ ನಾಣ್ಯವನ್ನು ಅಂಗೈಯಿಂದ ಮುಚ್ಚಿದ್ದೀರಿ. ನಿಮಗೆ ಗೊತ್ತಿಲ್ಲದಿದ್ದರೂ ಕೈಯಡಿ ರಾಜನೋ ರಾಣಿಯೋ ಬಿದ್ದಾಗಿದೆ. ಎಲೆಕ್ಟ್ರಾನೂ ಹೀಗೇನಾ? ಅಳತೆ ಮಾಡುವ ಮೊದಲೇ ಅದರ ಉತ್ತರ ಒಳಗೆ ಬರೆದಿಟ್ಟಿರುತ್ತದಾ? ಬರೆದಿಟ್ಟಿರಲೇಬೇಕು, ಅದನ್ನು ಹೇಳದ ನಿಮ್ಮ ಕ್ವಾಂಟಮ್ ಸಿದ್ಧಾಂತ ಅಪೂರ್ಣ ಎಂದು ಐನ್‌ಸ್ಟೈನ್ ಮತ್ತಿಬ್ಬರು 1935ರಲ್ಲಿ ವಾದಿಸಿದರು. ಮೂವತ್ತು ವರ್ಷ ಇದನ್ನು "ಬರೀ ಫಿಲಾಸಫಿ" ಎಂದು ಬದಿಗಿಟ್ಟಿದ್ದರು. 1964ರಲ್ಲಿ ಜಾನ್ ಬೆಲ್ ಎಂಬ ಐರಿಶ್ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಬಹುದು ಎಂದು ತೋರಿಸಿದ.

ಹೇಗೆ? ಅವಳಿ ಮಕ್ಕಳು ಅಂದುಕೊಳ್ಳಿ. ಒಬ್ಬಳನ್ನು ಮೈಸೂರಿನಲ್ಲಿ, ಇನ್ನೊಬ್ಬಳನ್ನು ಧಾರವಾಡದಲ್ಲಿ ಕೂರಿಸಿದ್ದೇವೆ. ಫೋನು ಕಿತ್ತುಕೊಂಡಿದ್ದೇವೆ. ಇಬ್ಬರಿಗೂ ಮೂರು ಪ್ರಶ್ನೆಗಳಲ್ಲಿ ಯಾವುದಾದರೂ ಒಂದು ಕೇಳುತ್ತೇವೆ, ಯಾವುದು ಅಂತ ಮೊದಲೇ ಹೇಳುವುದಿಲ್ಲ. ಉತ್ತರ ಹೌದು ಅಥವಾ ಇಲ್ಲ. ಒಂದೇ ಪ್ರಶ್ನೆ ಕೇಳಿದಾಗಲೆಲ್ಲ ಇಬ್ಬರದ್ದೂ ಒಂದೇ ಉತ್ತರ, ಒಮ್ಮೆಯೂ ತಪ್ಪುವುದಿಲ್ಲ. ಓಹೋ, ಮನೆಯಲ್ಲೇ ಮಾತಾಡಿಕೊಂಡು ಬಂದಿದ್ದಾರೆ ಅಂದುಕೊಳ್ಳುತ್ತೇವೆ. ಸರಿ, ಹಾಗೆ ಮೂರು ಪ್ರಶ್ನೆಗೂ ಉತ್ತರ ಮೊದಲೇ ಗೊತ್ತು ಮಾಡಿಕೊಂಡಿದ್ದರೆ, ಇರುವುದು ಎರಡೇ ಉತ್ತರ ಆದ್ದರಿಂದ ಮೂರರಲ್ಲಿ ಎರಡು ಪ್ರಶ್ನೆಗಾದರೂ ಒಂದೇ ಉತ್ತರ ಇರಲೇಬೇಕು. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕೇಳಿದಾಗ, ಸರಾಸರಿ ಮೂರರಲ್ಲಿ ಒಂದು ಸಲವಾದರೂ ಉತ್ತರ ಹೊಂದಲೇಬೇಕು. ಅದಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಬೆರಳು ಮಡಚಿ ಲೆಕ್ಕ ಹಾಕಿ ನೋಡಿ.

ಕ್ವಾಂಟಮ್ ಅವಳಿಗಳಲ್ಲಿ, ಅಂದರೆ ಒಟ್ಟಿಗೇ ಹುಟ್ಟಿಸಿ ದೂರ ಕಳಿಸಿದ ಕಣಗಳ ಜೋಡಿಯಲ್ಲಿ, ಅದು ನಾಲ್ಕರಲ್ಲಿ ಒಂದು ಸಲ ಮಾತ್ರ ಹೊಂದುತ್ತದೆ.

ಅಂದರೆ ಇವರು ಮನೆಯಲ್ಲಿ ಮಾತಾಡಿಕೊಂಡು ಬಂದಿಲ್ಲ. ಆದರೂ ಒಂದೇ ಪ್ರಶ್ನೆಗೆ ತಪ್ಪದೆ ಒಂದೇ ಉತ್ತರ. ಜಾನ್ ಕ್ಲೌಸರ್, ಅಲೈನ್ ಆಸ್ಪೆ, ಆಂಟನ್ ಝೈಲಿಂಗರ್ 1970ರ ದಶಕದಿಂದ ಬೆಲ್ ತೋರಿಸಿದ ಜಾತಿಯ ಪರೀಕ್ಷೆಗಳನ್ನು ಬೆಳಕಿನ ಕಣಗಳ ಮೇಲೆ ಮಾಡಿ ತೋರಿಸಿದರು. 2022ರ ನೊಬೆಲ್ ಬಂದದ್ದು ಇದಕ್ಕೇ.

ಇಲ್ಲಿವರೆಗೆ ಫಿಸಿಕ್ಸ್. ಮುಂದೆ? ಹಾಗಾದರೆ ಒಳಗೆ ಏನು ನಡೆಯುತ್ತಿದೆ? ಕಣಕ್ಕೆ ಯಾವಾಗಲೂ ಒಂದು ಜಾಗ ಇದೆ, ಒಂದು ಅಲೆ ಅದನ್ನು ದಾರಿ ತೋರಿಸಿ ನಡೆಸುತ್ತದೆ, ಆದರೆ ಮೈಸೂರಿನಲ್ಲಿ ಮುಟ್ಟಿದ್ದು ತಕ್ಷಣ ಧಾರವಾಡಕ್ಕೆ ತಟ್ಟುತ್ತದೆ ಅನ್ನುವುದು 1952ರ ಡೇವಿಡ್ ಬೋಮ್ ಉತ್ತರ. ಅಳತೆ ಮಾಡಿದಾಗ ಹೌದು, ಇಲ್ಲ ಎಂಬ ಎರಡೂ ಫಲಿತಾಂಶ ನಿಜವಾಗಿ ನಡೆಯುತ್ತವೆ, ಜಗತ್ತೇ ಕವಲೊಡೆಯುತ್ತದೆ ಅನ್ನುವುದು 1957ರ ಹ್ಯೂ ಎವರೆಟ್ ಉತ್ತರ. ಹರಡಿಕೊಂಡಿರುವ ಕ್ವಾಂಟಮ್ ಅಲೆ ಆಗಾಗ ತಾನಾಗೇ ಒಂದು ಕಡೆಗೆ ಕುಸಿಯುತ್ತದೆ ಅನ್ನುವುದು 1986ರಲ್ಲಿ ಗಿರಾರ್ದಿ, ರಿಮಿನಿ, ವೆಬರ್ ಕೊಟ್ಟ ಉತ್ತರ. ಮೂರನೆಯದನ್ನು ಪ್ರಯೋಗದಿಂದ ಹಿಡಿಯಲು ಸಾಧ್ಯ ಇದೆ, ಹುಡುಕುತ್ತಲೂ ಇದ್ದಾರೆ. ಮೊದಲೆರಡು ಮಾತ್ರ ಮಾಮೂಲಿ ಕ್ವಾಂಟಮ್ ಹೇಳುವ ಅಂಕಿಗಳನ್ನೇ ಹೇಳುತ್ತವೆ. ಲ್ಯಾಬಿನಲ್ಲಿ ಬೇರೆ ಮಾಡಲಾಗದ ಎರಡು ಚಿತ್ರಗಳ ನಡುವೆ ಆರಿಸುವುದು ಹೇಗೆ? ಸರಳವಾದದ್ದನ್ನಾ? ಸರಳ ಅಂದರೆ ಏನು, ಸಮೀಕರಣ ಕಡಿಮೆ ಇರುವುದಾ, ಜಗತ್ತುಗಳು ಕಡಿಮೆ ಇರುವುದಾ? ಇಲ್ಲಿಗೆ ಬಂದಾಗ ಕ್ಯಾಲ್ಕುಲಸ್ ಗೊತ್ತಿಲ್ಲದ ತತ್ವಜ್ಞಾನಿಯೂ ಕೈಚೆಲ್ಲುತ್ತಾನೆ, ವಾದ ಕಟ್ಟಲು ಬಾರದ ಭೌತವಿಜ್ಞಾನಿಯೂ ಕೈಚೆಲ್ಲುತ್ತಾನೆ. ಎರಡೂ ಬರುವವರು ಬೇಕು. ಎವರೆಟ್ ಪರವಾಗಿ ಇವತ್ತು ಬಲವಾಗಿ ವಾದಿಸುವ ಡೇವಿಡ್ ವಾಲೇಸ್ ಆಕ್ಸ್‌ಫರ್ಡ್‌ನಲ್ಲಿ ಫಿಸಿಕ್ಸ್ ಡಾಕ್ಟರೇಟ್ ಮಾಡಿ ಫಿಲಾಸಫಿಗೆ ಹೊರಳಿದವರು. ವಿರುದ್ಧ ಪಾಳೆಯದ ಟಿಮ್ ಮಾಡ್ಲಿನ್ ಅಮೆರಿಕದ ಯೇಲ್‌ನಲ್ಲಿ ಎರಡನ್ನೂ ಜೊತೆಗೇ ಓದಿದವರು.

ಇನ್ನೂ ಒಂದು ಪ್ರಶ್ನೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಒಗ್ಗರಣೆ ವಾಸನೆ ಅಡುಗೆಮನೆಯಿಂದ ಬೀದಿಗೆ ಹರಡುತ್ತದೆ, ಬೀದಿಯಿಂದ ಬಾಣಲೆಗೆ ವಾಪಸು ಬರುವುದಿಲ್ಲ. ಆದರೆ ಆ ಕಣಗಳನ್ನು ಆಳುವ ಚಲನೆಯ ನಿಯಮಗಳು ಹಿಂದು ಮುಂದು ಎರಡೂ ಕಡೆಗೆ ಒಂದೇ ಥರ ಓಡುತ್ತವೆ. ಹಾಗಿದ್ದರೆ ಕಾಲಕ್ಕೆ ಈ ಒಂದೇ ದಿಕ್ಕು ಎಲ್ಲಿಂದ ಬಂತು?

ಫಿಸಿಕ್ಸ್‌ನವರೇ ಬೇಡ ಅಂದಿಲ್ಲವಾ?

ಅಂದಿದ್ದಾರೆ. ಸ್ಟೀಫನ್ ಹಾಕಿಂಗ್ 2010ರ ಒಂದು ಪುಸ್ತಕದ ಮೊದಲ ಪುಟದಲ್ಲೇ ಫಿಲಾಸಫಿ ಸತ್ತಿದೆ ಎಂದು ಬರೆದರು. ಹೊಸ ಭೌತಶಾಸ್ತ್ರದ ಜೊತೆ ಅದು ಹೆಜ್ಜೆ ಹಾಕಲಿಲ್ಲ ಅನ್ನುವುದು ಅವರ ದೂರು. ಐನ್‌ಸ್ಟೈನ್ 1944ರ ಒಂದು ಪತ್ರದಲ್ಲಿ ಬೇರೆಯದೇ ಹೇಳಿದ್ದಾನೆ. ಫಿಸಿಕ್ಸ್ ಪಾಠದ ಜೊತೆ ತತ್ವಶಾಸ್ತ್ರ ಸೇರಿಸಬೇಕು ಎಂದುಕೊಂಡಿದ್ದ ಒಬ್ಬ ಮೇಷ್ಟ್ರಿಗೆ ಬರೆದದ್ದು ಅದು. ಈಗಿನ ತುಂಬಾ ಜನ, ವಿಜ್ಞಾನಿಗಳೂ ಸೇರಿ, ಸಾವಿರಾರು ಮರಗಳನ್ನು ನೋಡಿ ಕಾಡನ್ನೇ ನೋಡದವರ ಹಾಗೆ ಕಾಣುತ್ತಾರೆ ಎಂದ. ಇಬ್ಬರಲ್ಲಿ ಯಾರು ಸರಿ ಅನ್ನುವುದನ್ನು ಆ ಹುಡುಗಿ ಕೋರ್ಸು ಸೇರಿದ ಮೇಲೆ ಪ್ರಬಂಧ ಬರೆದು ತೀರ್ಮಾನಿಸಲಿ.

ಒಂದು ಮಾತಂತೂ ನಿಜ. ಫಿಸಿಕ್ಸ್ ಸಂಶೋಧನೆಯ ಹೆಚ್ಚಿನ ಭಾಗಕ್ಕೆ ಈ ಪ್ರಶ್ನೆಗಳು ಬೇಕಾಗುವುದಿಲ್ಲ. ಸೆಮಿಕಂಡಕ್ಟರ್ ಮಾಡುವವರು ಎವರೆಟ್ಟೋ ಬೋಮೋ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ.

ಓದಿ ಏನಾಗ್ತಾಳೆ?

ಅಕ್ಕನ ನಿಜವಾದ ಪ್ರಶ್ನೆ ಇದು. ಕೆಲಸದ ಜಾಹೀರಾತಿನಲ್ಲಿ "ಫಿಸಿಕ್ಸ್ ಮತ್ತು ಫಿಲಾಸಫಿ ಓದಿದವರು ಬೇಕು" ಎಂದು ಯಾರೂ ಹಾಕುವುದಿಲ್ಲ. ಕೆಲವರು ಸಂಶೋಧನೆಗೆ ಹೋಗುತ್ತಾರೆ, ಫಿಸಿಕ್ಸ್‌ಗೋ ಫಿಲಾಸಫಿಗೋ. ಉಳಿದವರು ಸಾಫ್ಟ್‌ವೇರ್, ಹಣಕಾಸು, ಕಾನೂನು, ಪಾಠ, ಸರ್ಕಾರಿ ಕೆಲಸ. ಗಣಿತ ಗೊತ್ತು, ಕೋಡ್ ಕಲಿಯಲು ಕಷ್ಟ ಇಲ್ಲ, ಹತ್ತು ಪುಟದ ವಾದದಲ್ಲಿ ಬಿರುಕು ಎಲ್ಲಿದೆ ಎಂದು ಕಂಡುಹಿಡಿಯಬಲ್ಲರು, ಕಂಡದ್ದನ್ನು ನೆಟ್ಟಗೆ ಬರೆಯಬಲ್ಲರು. ಇವೆಲ್ಲ ಒಬ್ಬರಲ್ಲೇ ಇರುವುದು ಅಪರೂಪ. ಆದರೆ ಇಂಜಿನಿಯರಿಂಗ್ ಹಾಗೆ ಮುಗಿದ ಮಾರನೇ ದಿನ ಆಫರ್ ಲೆಟರ್ ಎಂಬ ಭರವಸೆ ಬೇಕಿದ್ದರೆ ಇದು ಆ ಕೋರ್ಸು ಅಲ್ಲ. ಪ್ರಯೋಗಾಲಯದಲ್ಲಿ ಕೈ ಆಡಿಸುವುದು ಇಷ್ಟ ಇದ್ದರೂ ಇದು ಬೇಡ, ಬರೀ ಫಿಸಿಕ್ಸ್ ಓದುವುದು ವಾಸಿ.

ಇನ್ನು ದುಡ್ಡು. ಹೊರದೇಶದವರಿಗೆ ಆಕ್ಸ್‌ಫರ್ಡ್‌ನಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 50 ಲಕ್ಷ ರೂಪಾಯಿ ದಾಟುತ್ತದೆ. ಸ್ಕಾಲರ್‌ಶಿಪ್ ಇದೆ, ಡಿಗ್ರಿ ಮಟ್ಟಕ್ಕೆ ತುಂಬಾ ಕಡಿಮೆ. ಅರ್ಜಿಗೆ ಕೊನೇ ದಿನ ಅಕ್ಟೋಬರ್ 15, ಅದೂ ಸೇರುವ ವರ್ಷದ ಹಿಂದಿನ ಅಕ್ಟೋಬರ್. ಅಂದರೆ ಪಿಯು ರಿಸಲ್ಟ್ ಬಂದ ಮೇಲೆ ಯೋಚಿಸಿದರೆ ಆ ವರ್ಷ ತಪ್ಪಿದ ಹಾಗೇ. ನಮ್ಮ ಪಿಯು ಬೋರ್ಡಿನ ಅಂಕಪಟ್ಟಿ ನಡೆಯುತ್ತದಾ ಎಂದೂ ಮೊದಲೇ ಬರೆದು ಕೇಳಿಕೊಳ್ಳಬೇಕು.

ಇಲ್ಲೇ ಓದಬೇಕೆಂದರೆ

ನಮ್ಮಲ್ಲಿ ಪಿಯುಗೆ ಬಂದ ಕೂಡಲೇ ಸೈನ್ಸು, ಆರ್ಟ್ಸು ಎಂದು ಗೋಡೆ ಎದ್ದುಬಿಡುತ್ತದೆ. ಬಿ.ಎಸ್ಸಿ.ಗೆ ಹೋದರೆ ಪಿಸಿಎಂ, ಪಿಎಂಸಿಎಸ್ ಇಂಥ ಜೋಡಿಗಳು. ತತ್ವಶಾಸ್ತ್ರ ಗೋಡೆಯ ಆಚೆ ಬಿ.ಎ.ಯಲ್ಲಿ. ಹೊಸ ಶಿಕ್ಷಣ ನೀತಿ ಈ ಗೋಡೆ ತಗ್ಗಿಸುತ್ತದೆ ಎಂದಿತ್ತು. ಕರ್ನಾಟಕ 2021ರಲ್ಲಿ ದೇಶದಲ್ಲೇ ಮೊದಲು ಅದರ ಆದೇಶ ಹೊರಡಿಸಿತು, 2024ರಲ್ಲಿ ಮತ್ತೆ ಮೂರು ವರ್ಷದ ಹಳೆ ಪದ್ಧತಿಗೆ ಮರಳಿತು.

ಹಾಗಂತ ದಾರಿಯೇ ಇಲ್ಲ ಎಂದಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಅದರಲ್ಲಿ ವಿಜ್ಞಾನದ ಜೊತೆ ಮಾನವಿಕ ವಿಷಯಗಳ ಪಾಠವೂ ಇದೆ. ಐಐಟಿಗಳಲ್ಲಿ ಮಾನವಿಕ ವಿಭಾಗದವರು ಫಿಲಾಸಫಿ ಕಲಿಸುತ್ತಾರೆ, ಐಚ್ಛಿಕವಾಗಿ ತಗೊಳ್ಳಬಹುದು. ಕೆಲವು ಖಾಸಗಿ ಯೂನಿವರ್ಸಿಟಿಗಳಲ್ಲಿ ಫಿಸಿಕ್ಸ್ ಮುಖ್ಯ ವಿಷಯ, ಫಿಲಾಸಫಿ ಮೈನರ್ ಎಂದು ಮಾಡಿಕೊಳ್ಳಲು ಬಿಡುತ್ತಾರೆ. ಜೇಬಿಗೆ ಹಗುರವಾದ ದಾರಿ ಇನ್ನೊಂದಿದೆ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಒಟ್ಟಿಗೇ ಎರಡು ಡಿಗ್ರಿ ಮಾಡಲು ಅನುಮತಿ ಕೊಟ್ಟಿತು. ಹತ್ತಿರದ ಕಾಲೇಜಿನಲ್ಲಿ ಫಿಸಿಕ್ಸ್ ಇರುವ ಬಿ.ಎಸ್ಸಿ., ಜೊತೆಗೆ ಇಗ್ನೋದಲ್ಲಿ ದೂರಶಿಕ್ಷಣದ ತತ್ವಶಾಸ್ತ್ರ ಬಿ.ಎ. ಹೀಗೆ ಮಾಡಬಹುದು. ಎರಡನ್ನೂ ಬೆಸೆಯುವ ಕೆಲಸ ಮಾತ್ರ ನೀವೇ ಮಾಡಿಕೊಳ್ಳಬೇಕು, "ಯಾಕೆ ಆದ್ದರಿಂದ" ಎಂದು ಕೇಳುವ ಮೇಷ್ಟ್ರು ಸಿಗುವುದಿಲ್ಲ.

ಡಿಗ್ರಿ ಆದ ಮೇಲಾದರೆ ಬೆಂಗಳೂರಿನಲ್ಲೇ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಇದೆ. ಜೆ.ಆರ್.ಡಿ. ಟಾಟಾ ಅವರ ಆಸೆಯಂತೆ 1988ರಲ್ಲಿ ಶುರುವಾದ ಸಂಸ್ಥೆ. ಮೊದಲ ನಿರ್ದೇಶಕರು ತಿಪಟೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣ. ಫಿಸಿಕ್ಸ್ ಓದಿ ಫಿಲಾಸಫಿಗೆ ಬಂದ ಸುಂದರ್ ಸಾರುಕ್ಕೈ ಅಲ್ಲಿ ಪ್ರೊಫೆಸರ್ ಆಗಿದ್ದರು. ಮಣಿಪಾಲದ ತತ್ವಶಾಸ್ತ್ರ ಮತ್ತು ಮಾನವಿಕ ಕೇಂದ್ರವನ್ನು ಕಟ್ಟಿದವರೂ ಅವರೇ.

ಇದ್ಯಾವುದಕ್ಕೂ ಕೈ ಹಾಕುವ ಮೊದಲು ರುಚಿ ನೋಡಬೇಕೆಂದರೆ ಲೈಬ್‌ನಿಟ್ಸ್ ಮತ್ತು ಕ್ಲಾರ್ಕ್ ಪತ್ರಗಳು ಇಂಗ್ಲಿಷಿನಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಪತ್ರ ಬರೀ ನಾಲ್ಕು ಪಾಯಿಂಟು. ನ್ಯೂಟನ್ನನ ದೇವರು ಆಗಾಗ ಬಂದು ಗಡಿಯಾರಕ್ಕೆ ಕೀಲಿ ಕೊಡಬೇಕಂತೆ ಎಂಬ ಕುಟುಕು ಅದರಲ್ಲೇ ಇದೆ. ಅಕ್ಕನ ಮಗಳಿಗೆ ಅದನ್ನೇ ಕಳಿಸಿದ್ದೇನೆ. ಅದಾದ ಮೇಲೆ ನೇರ ಮೂರನೆಯದಕ್ಕೆ ಹೋಗು, ಜಾಗದ ಜಗಳ ಶುರುವಾಗುವುದು ಅಲ್ಲಿ ಎಂದಿದ್ದೇನೆ. ಐದನೆಯದು ಬಲು ಉದ್ದ, ಅದನ್ನು ದಸರಾ ರಜೆಗೆ ಇಟ್ಟುಕೊಳ್ಳಲಿ.